ತೊಗರಿ ಹೊಟ್ಟಿನ ನೀರು

ಅಬ್ದುಲ್ ಗನಿ ಹಿತ್ತಲ ಗೋಡೆಗೆ ಒಂದು ತಗಡಿನ ಪೆಟ್ಟಿಗೆ ತಂದಿಟ್ಟು, ಅದರ ಮೇಲೆ ಹತ್ತಿ ನಿಂತು, ಪಕ್ಕದ ಗೌರಾಬಾಯಿಯ ದಾಲ್ ಮಿಲ್ಲಿನ ಅಂಗಳಕ್ಕೆ ಇಣುಕುತ್ತಿದ್ದ. ಎಪ್ಪತ್ತು ದಾಟಿದ ಮನುಷ್ಯ, ಮೇಲೆ ಮೊಣಕಾಲು ನೋವು. ಇದು ಪೆಟ್ಟಿಗೆ ಹತ್ತಿ ಇಣುಕುವ ವಯಸ್ಸೇ? ಆದರೆ ತಲೆಗೆ ಅನುಮಾನ ಹೊಕ್ಕಮೇಲೆ ಮೊಣಕಾಲಿನ ಮಾತು ಯಾರು ಕೇಳುತ್ತಾರೆ? ಅವನ ಕಣ್ಣೆದುರಿಗೇ ಅವನ ಮಗಳು ಜೀನತ ಮಿಲ್ಲಿನ ಹಿಂಬಾಗಿಲಿನಿಂದ ಹೊರಬಂದಳು. ಕೈಯಲ್ಲಿ ಮುಚ್ಚಳ ಬಿಗಿದ ಸ್ಟೀಲಿನ ಡಬರಿ. ಅವಳ ಹಿಂದೆ ಗೌರಾಬಾಯಿ, ಏನೋ ಹೇಳಿ ನಗುತ್ತ. ಒಂದೇ ವಾರದಲ್ಲಿ ಇದು ಮೂರನೆಯ ಸಲ.

ಈ ಗೌರಾಬಾಯಿಯೇ ಪುರಸಭೆಗೆ ಅರ್ಜಿ ಕೊಟ್ಟವಳು. ಗನಿಯ ಫೋಟೋ ಸ್ಟುಡಿಯೋದ ಕತ್ತಲೆ ಕೋಣೆಯಿಂದ ಬೀಳುವ ಔಷಧದ ನೀರು ತನ್ನ ಬಾವಿಗೆ ಇಳಿಯುತ್ತಿದೆ, ಲಿಂಬಿ ಗಿಡ ಒಣಗುತ್ತಿದೆ ಎಂದು ಬರೆದಿದ್ದಳು. ಪುರಸಭೆಯವರು ಬಂದರು, ಹಿತ್ತಲ ಗುಂಡಿ ನೋಡಿದರು, ಮೂಗು ಮುಚ್ಚಿಕೊಂಡು ನೋಟಿಸು ಅಂಟಿಸಿ ಹೋದರು. ವಿಷದ ನೀರು ನಿಲ್ಲದಿದ್ದರೆ ಮುಂದಿನ ತಿಂಗಳ ಒಂದನೇ ತಾರೀಖಿಗೆ ಆ ಕೋಣೆಗೆ ಬೀಗ. ಇನ್ನು ಉಳಿದದ್ದು ಹನ್ನೊಂದು ದಿನ.

ಕೋಣೆ ಅಂದರೆ ಅರಮನೆಯೇನಲ್ಲ. ಎಂಟಡಿ ಉದ್ದ, ಆರಡಿ ಅಗಲ, ಕಿಟಕಿ ಇಲ್ಲ. ಆದರೆ ಅದರ ಒಂದೊಂದು ಕಲ್ಲನ್ನೂ ಗನಿ ತನ್ನ ಕೈಯಿಂದ ಇಟ್ಟಿದ್ದ. ಬೆಳಕು ಒಂದು ಎಳೆಯೂ ಒಳಗೆ ಬರಬಾರದು ಎಂದು ಬಾಗಿಲ ಸಂದಿಗೆ ಕರಿ ಮಖಮಲ್ಲು ಹೊಡೆದಿದ್ದ. ಜೇವರ್ಗಿಯ ಅರ್ಧ ಊರಿನ ಮದುವೆಗಳು ಆ ಕತ್ತಲೆಯಲ್ಲೇ ಕಾಗದದ ಮೇಲೆ ಮೂಡಿ ಬಂದಿದ್ದವು. ಆಮೇಲೆ ಡಿಜಿಟಲ್ ಬಂತು. ಕೋಣೆ ಹದಿನೈದು ವರ್ಷ ಮುರುಕು ಕುರ್ಚಿಗಳ ಗೋದಾಮಾಗಿ ಬಿದ್ದಿತ್ತು.

ಅದನ್ನು ಮತ್ತೆ ತೆರೆಸಿದವಳು ಜೀನತ. ಅವಳು ಮದುವೆ ಮನೆಗಳಲ್ಲಿ ಹೆಂಗಸರ ಕಡೆಯ ಫೋಟೋ ತೆಗೆಯುವವಳು. ಒಮ್ಮೆ ನೆಲೋಗಿಯಲ್ಲಿ ಒಬ್ಬ ತಾಯಿ ಅವಳ ಕೈ ಹಿಡಿದುಕೊಂಡು ಕೇಳಿದ್ದಳಂತೆ: "ಮೊಬೈಲದಾಗ ಹೋದ ಮಾರಿ ಯಾರ ಕೈಯಾಗ ಸಿಗ್ತದೋ ಏನೋ. ಮೊದಲಿನಂಗ ರೋಲಿನ ಫೋಟೋ ತೆಗೀತೀಯೇನ್ ಬೇಟಿ? ನೀನೇ ತೆಗಿ, ನೀನೇ ತೊಳಿ, ನೀನೇ ನನ್ನ ಕೈಯಾಗ ಕೊಡು." ಜೀನತ ಅಪ್ಪನ ಹಳೆಯ ಕ್ಯಾಮೆರಾ ಒರೆಸಿಕೊಂಡಳು. ಒಂದೇ ವರ್ಷದಲ್ಲಿ ಆಳಂದದಿಂದ, ಅಫಜಲಪುರದಿಂದಲೂ ಕರೆ ಬರತೊಡಗಿದವು. ಕುರ್ಚಿಗಳು ಹೊರಗೆ ಬಿದ್ದವು, ಬಾಗಿಲ ಮೇಲೆ ಕೆಂಪು ದೀಪ ಮತ್ತೆ ಉರಿಯಿತು. ಗನಿಗೆ ಆದ ಸಂತೋಷ ಹೇಳತೀರದು. ಮುದುಕ ದಿನಕ್ಕೆರಡು ಸಲ ಗಡ್ಡ ಬಾಚಿಕೊಳ್ಳತೊಡಗಿದ.

ಈಗ ಆ ಕೋಣೆಗೇ ಬೀಗ ಅಂದರೆ? ನೋಟಿಸು ಬಂದ ದಿನ ಜೀನತ ಮೆಲ್ಲಗೆ ಹೇಳಿ ನೋಡಿದ್ದಳು: "ಅಬ್ಬಾ, ಔಷಧಾನೇ ಬದಲು ಮಾಡಿದ್ರ ಹ್ಯಾಂಗ್ರಿ? ಬ್ಯಾರೆ ದಾರಿ ಅದಾವಂತ." ಗನಿ ಅವಳ ಮಾತು ಮುಗಿಯಲೂ ಬಿಡಲಿಲ್ಲ. ಗಹಗಹಿಸಿ ನಕ್ಕ, ನಕ್ಕಮೇಲೆ ಸಿಟ್ಟಿಗೆದ್ದ. "ಮೂವತ್ತೈದು ವರ್ಷ ಇದೇ ಗುಂಡ್ಯಾಗ ನೀರು ಚೆಲ್ಲೇನಿ. ಯಾವ ನನ್ಮಗ ಸತ್ತಾನ? ಆಕಿಗೆ ನನ್ನ ಕೋಲಿ ಮ್ಯಾಲ ಕಣ್ಣು. ಈ ಮನ್ಯಾಗ ಆಕಿ ಹೆಸರು ಎತ್ತಬ್ಯಾಡ." ಅಲ್ಲಿಗೆ ಮಾತು ಮುಗಿದಿತ್ತು.

ಗೌರಾಬಾಯಿಗೆ ಆ ಕೋಣೆಯ ಮೇಲೆ ಕಣ್ಣಿದ್ದದ್ದೇನೂ ಸುಳ್ಳಲ್ಲ. ಐದು ವರ್ಷದ ಹಿಂದೆ, ಚೀಲ ಇಡಲು ಜಾಗ ಸಾಲದು, ಆ ಹಿತ್ತಲ ತುಂಡು ತನಗೆ ಕೊಡಿ ಎಂದು ಅವಳೇ ಕೇಳಿದ್ದಳು. ಗನಿ ಕೊಟ್ಟಿರಲಿಲ್ಲ. ಹಾಗಿರುವಾಗ ಅದೇ ಗೌರಾಬಾಯಿಯ ಜೊತೆ ತನ್ನ ಮಗಳಿಗೆ ಏನು ನಗು? ಆ ಡಬರಿಯಲ್ಲಿ ಏನು?

ಅನುಮಾನಕ್ಕೆ ಗಾಳಿ ಹಾಕಲು ಬಸ್‌ಸ್ಟ್ಯಾಂಡಿನ ಎದುರು ರಸೂಲನ ಚಹಾದಂಗಡಿ ಇದ್ದೇ ಇತ್ತು. ರಸೂಲ ಗನಿಯ ಹಳೆಯ ಗೆಳೆಯ. ಗೆಳೆಯನ ಮನಸ್ಸು ಕೆಡಿಸುವುದರಲ್ಲಿ ಚಹಾ ಕುದಿಸುವುದಕ್ಕಿಂತ ಒಂದು ಕೈ ಮೇಲು.

"ಗನಿಭಾಯಿ, ನಿನ್ನ ಮಗಳು ಗೌರಾಬಾಯಿ ಸಂಗಾಟ ಪುರಸಭಾಕ್ಕ ಹೋಗಿದ್ಲು. ನಾ ಕಣ್ಣಾರೆ ನೋಡೇನಿ."

"ಯಾವಾಗಲೇ?"

"ಮಂಗಳವಾರ. ಇಬ್ಬರೂ ಒಂದೇ ಆಟೋದಾಗ ಇಳದ್ರು. ನಂಗೇನ್ ಗೊತ್ತಪ್ಪ, ನೋಡಿದ್ದು ಹೇಳೇನಿ." ರಸೂಲ ಗ್ಲಾಸು ಒರೆಸಿದ. "ಜಾಗಾದ ಕಾಗದ ಯಾರ ಹೆಸರಿಲೆ ಅದ?"

ಜಾಗದ ಕಾಗದ ಜೀನತಳ ಹೆಸರಿನಲ್ಲೇ ಇತ್ತು. ಹೋದ ವರ್ಷ ತನ್ನ ಎದೆಯ ಆಪರೇಷನ್ನಿಗೆ ಮೊದಲು ಗನಿಯೇ ಮಾಡಿಸಿಟ್ಟಿದ್ದ. ಅರ್ಧ ಚಹಾ ಗ್ಲಾಸಿನಲ್ಲೇ ಉಳಿಯಿತು. ಎದ್ದು ಮನೆಯ ದಾರಿ ಹಿಡಿದ. ತನ್ನ ಮಗಳು, ತಾನೇ ಕೈ ಹಿಡಿದು ಬೆಳಕು ಕತ್ತಲು ಕಲಿಸಿದ ಮಗಳು, ತನ್ನ ಕೋಣೆಯನ್ನು ಮಾರುತ್ತಿದ್ದಾಳೆಯೇ? ಅವನಿಗೆ ಅಳು ಬಂತು. ಬಂದ ಅಳುವಿನ ಮೇಲೂ ಸಿಟ್ಟು ಬಂತು.

ಮರುದಿನ ಜೀನತ ಆಳಂದಕ್ಕೆ ಹೋದಾಗ ಗನಿ ಕತ್ತಲೆ ಕೋಣೆಯನ್ನು ಶೋಧಿಸಿದ. ಸ್ವಂತ ಕೋಣೆಗೆ ಕಳ್ಳನಂತೆ ಹೊಕ್ಕ. ಚಿತ್ರ ಮೂಡಿಸುವ ಡೆವಲಪರ್ ಪುಡಿ ಇಡುವ ಕಪಾಟು ಖಾಲಿ! ಬದಲಿಗೆ ಅಲ್ಲಿ ಬಟ್ಟೆ ಸೋಡಾದ ನಾಲ್ಕು ಪೊಟ್ಟಣ, ಔಷಧಿ ಅಂಗಡಿಯ ವಿಟಮಿನ್ ಸಿ ಹುಳಿ ಮಾತ್ರೆಯ ಡಬ್ಬಿ. ಮೂಲೆಯಲ್ಲಿ ಮೂರು ಪ್ಲಾಸ್ಟಿಕ್ ಕ್ಯಾನು. ಮುಚ್ಚಳ ತೆರೆದು ಮೂಸಿದ. ಬಳಸಿ ಬಿಟ್ಟ ಹೈಪೋ, ಮೂಡಿದ ಚಿತ್ರ ಅಳಿಯದಂತೆ ನಿಲ್ಲಿಸುವ ಔಷಧ. ಗುಂಡಿಗೆ ಚೆಲ್ಲದೆ ಕೂಡಿಟ್ಟಿದ್ದಾಳೆ. ಒಳಗೆ ಪಾತ್ರೆ ತಿಕ್ಕುವ ಕಬ್ಬಿಣದ ಜುಂಗು ಮುಳುಗಿಸಿದ್ದಳು. ತಳದಲ್ಲಿ ಕರಿ ಗಸಿ ಕೂತಿತ್ತು.

ಗನಿಗೆ ಇದು ಗೊತ್ತು. ಹಳೆಯ ಕಾಲದಲ್ಲಿ ಸೊಲ್ಲಾಪುರದ ಕಡೆಯವನೊಬ್ಬ ಸೈಕಲ್ಲಿನಲ್ಲಿ ಬಂದು ಹೈಪೋ ನೀರು ಕೊಂಡು ಹೋಗುತ್ತಿದ್ದ, ಅದರಲ್ಲಿ ಫಿಲ್ಮಿನ ಬೆಳ್ಳಿ ಕರಗಿರುತ್ತದೆ ಎಂದು. ಹಾಗಾದರೆ ಬೆಳ್ಳಿಯನ್ನೂ ಗುಟ್ಟಾಗಿ ಮಾರುತ್ತಿದ್ದಾಳೆ! ಕೋಣೆ ಖಾಲಿ ಮಾಡುವ ಮೊದಲು ಇದ್ದದ್ದನ್ನೆಲ್ಲ ಬಳಿದುಕೊಂಡು ಹೋಗುವ ಲೆಕ್ಕಾಚಾರ. ನೋಡಿದ್ದೆಲ್ಲ ಒಂದಕ್ಕೊಂದು ಸರಿಯಾಗಿ ಕೂತಿತು. ಅನುಮಾನದವನಿಗೆ ಎಲ್ಲವೂ ಹೀಗೆ ಸರಿಯಾಗೇ ಕೂರುತ್ತದೆ.

ಅವತ್ತು ಸಂಜೆ ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟ. "ಜೀನೂ, ಮಿಲ್ಲಿನಿಂದ ಡಬರ್ಯಾಗ ಏನ್ ತರಾಕತ್ತೀ?"

ಜೀನತ ಕೈಯಲ್ಲಿನ ರೊಟ್ಟಿಯನ್ನು ತಾಟಿನಲ್ಲಿಟ್ಟಳು. "ಒಂದನೇ ತಾರೀಖಿನ ತನಕ ತಡೀರಿ ಅಬ್ಬಾ. ನಾನೇ ತೋರಸ್ತೇನಿ."

"ಪುರಸಭಾಕ್ಕ ಯಾಕ ಹೋಗಿದ್ದಿ?"

"ಅದನ್ನೂ ಹೇಳ್ತೇನ್ರಿ. ಈಗ ಹೇಳಿದ್ರ ನೀವು ನಗ್ತೀರಿ, ಇಲ್ಲಾ ಬೈತೀರಿ."

ಹೆಂಡತಿ ಖಾಸೀಂಬಿ ನಡುವೆ ಪಲ್ಯದ ಬೋಗಣಿ ಇಟ್ಟಳು. "ಮಗಳ ಮ್ಯಾಲ ಪೊಲೀಸನಂಗ ಕುಂತೀರಲ್ಲ, ಉಣ್ರಿ ಸುಮ್ಮ." ಗನಿ ಉಂಡ. ಏನು ಉಂಡನೋ ಅವನಿಗೇ ತಿಳಿಯಲಿಲ್ಲ.

ಎರಡು ದಿನ ಬಿಟ್ಟು ಮಧ್ಯಾಹ್ನ ಮತ್ತೆ ಪೆಟ್ಟಿಗೆ ಹತ್ತಿದ. ಆ ಕಡೆ ಗೌರಾಬಾಯಿ ಇಳಕಲ್ ಸೀರೆ ಉಟ್ಟು ಗೋಡೆಗೆ ಬೆನ್ನು ಮಾಡಿ ನಿಂತಿದ್ದಳು. ಅವಳೆದುರು ಜೀನತ ರೋಲಿನ ಕ್ಯಾಮೆರಾ ಹಿಡಿದು ಒಮ್ಮೆ ಹಿಂದೆ ಸರಿದಳು, ಒಮ್ಮೆ ಪಕ್ಕಕ್ಕೆ ಸರಿದಳು. ಕ್ಯಾಮೆರಾದ ಕಣ್ಣು ನೇರ ಗನಿಯ ಹಿತ್ತಲ ಕಡೆಗೇ ಇತ್ತು. ಗೋಡೆ, ಗೋಡೆಯ ಹಿಂದೆ ಕತ್ತಲೆ ಕೋಣೆ. ಜಾಗದ ಫೋಟೋ! ಖರೀದಿ ಕಾಗದಕ್ಕೆ ಜಾಗದ ಫೋಟೋ ಅಂಟಿಸುತ್ತಾರಲ್ಲ, ಕೊಂಡವಳನ್ನು ಮುಂದೆ ನಿಲ್ಲಿಸಿ ಅದನ್ನೇ ತೆಗೆಯುತ್ತಿದ್ದಾಳೆ! ಅವನು ಪೆಟ್ಟಿಗೆಯಿಂದ ಇಳಿದ ರಭಸಕ್ಕೆ ಮೊಣಕಾಲು ಕಳಕ್ಕೆಂದಿತು.

ಅರ್ಧ ತಾಸಿನಲ್ಲಿ ಜೀನತ ಮನೆಗೆ ಬಂದು ಕತ್ತಲೆ ಕೋಣೆ ಹೊಕ್ಕಳು. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು. ಗನಿ ಕಾಲೆಳೆಯುತ್ತ ಬಾಗಿಲ ಬಳಿ ಬಂದು ಕಿವಿ ಹಚ್ಚಿದ. ಒಳಗೆ ಎರಡು ದನಿ. ಒಂದು ಮಗಳದ್ದು. ಇನ್ನೊಂದು ಗೌರಾಬಾಯಿಯದ್ದು! ಹಿಂದಿನ ಓಣಿಯಿಂದ ಬಂದಿದ್ದಾಳೆ. ತನ್ನ ಕೋಣೆಯೊಳಗೆ, ತಾನು ಕಟ್ಟಿದ ಕತ್ತಲೆಯೊಳಗೆ ನಿಂತು ಜಾಗ ನೋಡುತ್ತಿದ್ದಾಳೆ.

ಕೆಂಪು ದೀಪ ಉರಿಯುವಾಗ ಆ ಬಾಗಿಲು ಮುಟ್ಟಬಾರದು. ಆ ಮನೆಯಲ್ಲಿ ಇದಕ್ಕಿಂತ ದೊಡ್ಡ ಕಾನೂನಿರಲಿಲ್ಲ. ಹಿಂದೊಮ್ಮೆ ಸ್ವಂತ ತಮ್ಮ ಮರೆತು ಬಾಗಿಲು ತೆರೆದನೆಂದು ಗನಿ ಅವನ ಕೆನ್ನೆಗೆ ಹೊಡೆದು, ಎರಡು ವರ್ಷ ಮಾತು ಬಿಟ್ಟಿದ್ದ. ದೀಪ ನೋಡಿದ. ತೊಳೆಯುವ ಮೊದಲು ಕತ್ತಲೆಯಲ್ಲಿ ರೋಲನ್ನು ಸುರುಳಿಗೆ ಸುತ್ತುವುದಕ್ಕೆ ಎಷ್ಟು ಹೊತ್ತು? ಮೂರು ನಿಮಿಷ. ಇವರು ಒಳಗೆ ಹೋಗಿ ಕಾಲು ತಾಸಾಯಿತು. ದೀಪವೂ ಸುಳ್ಳು, ಎಲ್ಲವೂ ಸುಳ್ಳು, ತನ್ನನ್ನು ಹೊರಗಿಡಲು ಹೂಡಿದ ನಾಟಕ. ಒಳಗಿನಿಂದ ಚಿಲಕ ಹಾಕಿತ್ತು. ಆದರೆ ಬಾಗಿಲು ಕೂರಿಸಿದವನೇ ಅವನು. ಹಲಗೆಯನ್ನು ಸ್ವಲ್ಪ ಮೇಲಕ್ಕೆತ್ತಿ ದೂಡಿದರೆ ಚಿಲಕ ತಾನಾಗಿ ಜಾರುತ್ತದೆ. ಎತ್ತಿದ, ದೂಡಿದ.

ಮಧ್ಯಾಹ್ನದ ಮೂರರ ಬಿಸಿಲು ಕೋಣೆಯೊಳಗೆ ಬಿತ್ತು. ಗೌರಾಬಾಯಿ ಸ್ಟೂಲಿನ ಮೇಲೆ ಕೂತು ಬೆರಗಾಗಿ ನೋಡಿದಳು. ಜೀನತ ನಿಂತಿದ್ದಳು. ಅವಳ ಒಂದು ಕೈಯಲ್ಲಿ ಸುರುಳಿ, ಇನ್ನೊಂದು ಕೈಯಲ್ಲಿ ರೋಲಿನ ಡಬ್ಬಿ, ನಡುವೆ ಬೂದು ಬಣ್ಣದ ಫಿಲ್ಮು ಬೆಳಕಿನಲ್ಲಿ ಬೆತ್ತಲಾಗಿ ತೂಗುತ್ತಿತ್ತು.

ಗನಿ ಒಳಗೆ ಹೆಜ್ಜೆಯಿಟ್ಟು ಬಾಗಿಲು ಎಳೆದುಕೊಂಡ. ಅದು ಅವನು ಮಾಡಿದ್ದಲ್ಲ, ಮೂವತ್ತೈದು ವರ್ಷದ ಕೈ ಮಾಡಿದ್ದು. ಕಣ್ಣು ಕಾಣದ ಕತ್ತಲೆಯಲ್ಲಿ ಮೂವರೂ ನಿಂತರು. ತೊಗರಿ ಕುದಿಸಿದ ವಾಸನೆ ಮೂಗಿಗೆ ಹೊಡೆಯಿತು.

"ಅಬ್ಬಾ," ಎಂದಳು ಜೀನತ. ಅಷ್ಟೇ.

"ಎಷ್ಟು ಸುತ್ತಿದ್ದಿ ಬೇಟಿ?"

"ಮುಕ್ಕಾಲು."

"ಸುತ್ತಿದ್ದು ಹೋತು. ಡಬ್ಬ್ಯಾಗಿಂದು ಉಳದಿರ್ತದ. ಅಲ್ಲೇ ಕತ್ತರಿಸು." ಅವನು ಕತ್ತಲೆಯಲ್ಲೇ ಕತ್ತರಿ ತಡಕಿ ಅವಳ ಕೈಗಿಟ್ಟ. "ಯಾರ್ಯಾರು ಇದ್ರು ಅದ್ರಾಗ?"

"ಮೊದಲಿನ ಇಪ್ಪತ್ತನಾಕು ನೆಲೋಗಿ ಹುಡುಗೀದು. ಮದುವಿ ಹಿಂದಿನ ದಿನ ಅಜ್ಜಿ ಸಂಗಾಟ ಕುಂತು ತೆಗಿಸಿದ್ದು. ಹುಡುಗಿ ಗಂಡನ ಮನಿಗೆ ಹೋದ್ಲು, ಹೈದರಾಬಾದಕ್ಕ." ಕತ್ತರಿಯ ಸದ್ದು ಕೇಳಿತು. "ಆಮೇಲಿನವು ಗೌರಾ ಕಾಕೂನವು."

ಗನಿ ಗೋಡೆಗೆ ಆತುಕೊಂಡ. ಕೇಳದೆ ಇರಲು ಆಗಲಿಲ್ಲ. "ಜಾಗಾ ಮಾರಾಕತ್ತೀಯೇನು?"

ಕತ್ತಲೆಯಲ್ಲಿ ಗೌರಾಬಾಯಿಯ ದನಿ ಬಂತು. "ಯಾರ ಜಾಗಾರಿ ಗನಿಭಾಯಿ? ನಿಮ್ಮ ಮಗಳು ನನ್ನ ಮನಿ ಬಾಗಲಕ್ಕ ಬಂದು ಹೇಳಿದ್ಲು, ಕಾಕು, ನಿಮ್ಮ ಮಿಲ್ಲಿನ ಹೊಟ್ಟು ಕುದಿಸಿದ ನೀರಾಗ ಫೋಟೋ ತೊಳೀತೇನಿ, ಒಂದ ಹನಿ ವಿಷ ನಿಮ್ಮ ಬಾವಿಗೆ ಬಿಡಾಂಗಿಲ್ಲ, ಅರ್ಜಿ ತಿರುಗಿ ತಗೋರಿ ಅಂತ. ನಾ ಅಂದೆ, ನನ್ನ ಮಾರಿ ಆ ನೀರಾಗ ಮೂಡೋದು ಕಣ್ಣಾರೆ ನೋಡಿದ್ರ ತಗೋತೇನಿ. ಪುರಸಭಾಕ್ಕೂ ಇಬ್ಬರೂ ಹೋಗಿ ಅದನ್ನೇ ಹೇಳಿ ಬಂದೇವಿ. ರೋಲು ಸುತ್ತೋದು ಹ್ಯಾಂಗ ಅಂತ ಕತ್ತಲ್ಯಾಗ ಕೈ ಹಿಡಿದು ತೋರಸಾಕತ್ತಿದ್ಲು, ಅದಕ್ಕ ತಡ ಆತು."

ಉಳಿದ ಫಿಲ್ಮನ್ನು ಬೇರೆ ಸುರುಳಿಗೆ ಸುತ್ತಿ, ಬೆಳಕು ಹೋಗದ ಟ್ಯಾಂಕಿನೊಳಗಿಟ್ಟು ಮುಚ್ಚಳ ಬಿಗಿದ ಮೇಲೆ ಜೀನತ ದೀಪ ಹಾಕಿದಳು. ಡಬರಿಯಲ್ಲಿದ್ದದ್ದು ಕೆಂಗಂದು ಬಣ್ಣದ ಹೊಟ್ಟಿನ ನೀರು. ಅದಕ್ಕೆ ಸೋಡಾ ಹಾಕಿದಳು, ಹುಳಿ ಮಾತ್ರೆ ಅರೆದು ಹಾಕಿದಳು, ಟ್ಯಾಂಕಿಗೆ ಸುರಿದಳು. ನಾಲ್ಕು ರೋಲು ಕೆಡಿಸಿಕೊಂಡು ಈ ಪ್ರಮಾಣ ಕಂಡುಕೊಂಡಿದ್ದಳಂತೆ. ಕಾಲು ತಾಸಿನಲ್ಲಿ ಹೊಟ್ಟಿನ ನೀರನ್ನು ಬಸಿದು ಡಬರಿಗೇ ತುಂಬಿದಳು, ಗೌರಾಬಾಯಿಯ ಲಿಂಬಿ ಗಿಡಕ್ಕೆ. ಎರಡು ವಾರದಿಂದ ಅದೇ ನೀರು ಕುಡಿದು ಗಿಡ ಚಿಗುರಿತ್ತು. ಹೈಪೋವನ್ನು ಮಾತ್ರ ಕ್ಯಾನಿಗೆ ಸುರಿದಳು. "ಇದರ ಬದಲಿ ಇನ್ನೂ ಸಿಕ್ಕಿಲ್ರಿ. ಜುಂಗು ಬೆಳ್ಳಿ ಹಿಡಕೋತದ. ಉಳಿದದ್ದು ಕಲಬುರಗ್ಯಾಗ ಹಾಳು ಔಷಧ ತಗೋಳೋರ ಕೈಯಾಗ ಕೊಡ್ತೇನಿ." ಅಪ್ಪನ ಮುಖ ನೋಡದೆಯೇ ಹೇಳಿದಳು. ಗನಿಗೆ ತನ್ನ ಗುಂಡಿ ನೆನಪಾಯಿತು.

ತೊಳೆದ ಫಿಲ್ಮಿನ ತುಂಡನ್ನು ಜೀನತ ಅವನ ಕೈಗೇ ಕೊಟ್ಟಳು. ನೆಗೆಟಿವ್ ಓದುವುದರಲ್ಲಿ ಗನಿಯನ್ನು ಮೀರಿಸುವವರು ಆ ತಾಲೂಕಿನಲ್ಲೇ ಇಲ್ಲ; ಕರಿದು ಬಿಳಿದಾಗಿ, ಬಿಳಿದು ಕರಿದಾಗಿ ಅವನ ಕಣ್ಣು ತಾನೇ ತಿರುಗಿಸಿಕೊಳ್ಳುತ್ತದೆ. ದೀಪಕ್ಕೆ ಹಿಡಿದ. ಒಂಬತ್ತು ಚಿತ್ರ ಉಳಿದಿದ್ದವು. ಎಂಥ ಚೊಕ್ಕ ಚಿತ್ರ! ಸೀರೆಯ ಅಂಚಿನ ಗೆರೆಗಳನ್ನೂ ಎಣಿಸಬಹುದಿತ್ತು. ಹೊಟ್ಟಿನ ನೀರು ಗೆದ್ದಿತ್ತು.

"ಏನ್ ಕಾಣ್ತದ್ರಿ? ನನಗ ತಿಳಿವಲ್ದು. ದೆವ್ವ ಇದ್ದಂಗ ಅದ," ಎಂದಳು ಗೌರಾಬಾಯಿ, ಅವನ ಭುಜದ ಪಕ್ಕ ಬಗ್ಗಿ.

ಗನಿ ಫಿಲ್ಮನ್ನು ಕಣ್ಣಿಗೆ ಇನ್ನೂ ಹತ್ತಿರ ಹಿಡಿದ. ಚಿತ್ರದ ಮುಂದೆ ಗೌರಾಬಾಯಿ ನಿಂತಿದ್ದಳು, ನಗುಮುಖ. ಅವಳ ತಲೆಯ ಹಿಂದೆ ಗೋಡೆ. ಗೋಡೆಯ ಮೇಲೆ ಎರಡು ಕೈ, ಕೈಗಳ ನಡುವೆ ಒಂದು ಮುಖ. ಸಾವಿರಾರು ಮುಖ ತೊಳೆದು ತೆಗೆದ ಅವನಿಗೆ ಇಂಥ ಮುಖ ಎಂದೂ ಎದುರಾಗಿರಲಿಲ್ಲ. ಹುಬ್ಬು ಗಂಟಿಕ್ಕಿತ್ತು, ತುಟಿ ಕಚ್ಚಿತ್ತು, ಕಣ್ಣು ಹೆತ್ತ ಮಗಳನ್ನು ಕಳ್ಳಿಯನ್ನು ನೋಡುವಂತೆ ನೋಡುತ್ತಿತ್ತು. ಒಂಬತ್ತರಲ್ಲೂ ಅದೇ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ನೀವು ಅದೀರ್ರಿ ಗೌರಾಬಾಯಿ. ಛಲೋ ಬಂದೀರಿ," ಎಂದ ಕೊನೆಗೆ. "ನಿಮ್ಮ ಹಿಂದ ಗ್ವಾಡಿ ಮ್ಯಾಲ ಒಬ್ಬ ಮುದುಕ ಅದಾನ. ನಿಮ್ಮ ಬಾವಿಗೆ ಮೂವತ್ತೈದು ವರ್ಷ ನೀರು ಬಿಟ್ಟಾಂವ. ಆ ಗುಂಡಿ ನಿಮ್ಮ ಕಡೆ ಇಳೀತದಂತ ಅವಗ ಗೊತ್ತಿತ್ತು. ನಮ್ಮ ಕಡೆ ಇಳೀಬಾರದಂತ ಅವನೇ ಅಲ್ಲಿ ತೋಡಿದ್ದ."

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಖಾಸೀಂಬಿಗೂ. ಗೌರಾಬಾಯಿ ಅವನನ್ನೇ ನೋಡಿದಳು. ಬೈಯುತ್ತಾಳೆ ಎಂದು ಗನಿ ತಲೆ ತಗ್ಗಿಸಿ ಕಾದ. ಅವಳು ಸೆರಗು ಸರಿಮಾಡಿಕೊಂಡು ಎದ್ದಳು.

"ಅರ್ಜಿ ನಾಳೆ ತಿರುಗಿ ತಗೋತೇನಿ. ಜೀನತಗ ಮಾತು ಕೊಟ್ಟೇನಿ, ನಿಮಗಲ್ಲ. ಗುಂಡಿ ನೀವೇ ಮುಚ್ಚಬೇಕು, ನಿಮ್ಮ ಕೈಲೆ." ಬಾಗಿಲು ದಾಟುವಾಗ ತಿರುಗಿ ನೋಡಿದಳು. "ಆ ಫೋಟೋ ನನಗ ದೊಡ್ಡದು ಮಾಡಿ ಕೊಡು ಜೀನತಾ. ಇದ್ದಂಗೇ."

ಅವಳು ಹೋದಮೇಲೆ ಗನಿಗೆ ಜೀವ ಮರಳಿ ಬಂದಂತಾಯಿತು. ಕೋಣೆ ಉಳಿಯಿತು! ಬೀಗವಿಲ್ಲ, ಮಾರಾಟವಿಲ್ಲ. "ನೆಲೋಗಿಗೆ ನಾನೇ ಹೋಗಿ ತಪ್ಪು ಹೇಳ್ತೇನಿ," ಎಂದ ಅವಸರದಿಂದ. "ಕಾಲು ಹಿಡೀಬೇಕಂದ್ರ ಹಿಡೀತೇನಿ. ನೀ ಹೊಟ್ಟಿನ ಲೆಕ್ಕ ನನಗೂ ಹೇಳಿಕೊಡು. ಇಬ್ಬರೂ ಕೂಡಿ ಮಾಡೋಣು."

ಜೀನತ ಹಾಳಾದ ಫಿಲ್ಮನ್ನು ಸುರುಳಿಯಿಂದ ಬಿಚ್ಚುತ್ತಿದ್ದಳು. ಇಪ್ಪತ್ತನಾಲ್ಕು ಸಲ ಕೂತ ಅಜ್ಜಿ, ಮೊಮ್ಮಗಳು. ಒಬ್ಬರೂ ಇರಲಿಲ್ಲ.

"ನೆಲೋಗಿಗೆ ನಾ ಹೋಗ್ತೇನ್ರಿ. ಅವರು ನಿಮ್ಮ ಮುಂದ ಬರಾಂಗಿಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಗನಿ ತಡೆದುಕೊಳ್ಳುತ್ತಿದ್ದ. "ಅಬ್ಬಾ, ಹೆಣ್ಣಮಕ್ಕಳು ನನ್ನ ಮುಂದ ನಕಾಬ ತೆಗೀತಾರಲ್ಲ, ಅದು ಕ್ಯಾಮೆರಾ ನೋಡಿ ಅಲ್ರಿ. ಈ ಬಾಗಿಲಾ ಯಾರೂ ತೆಗ್ಯಾಂಗಿಲ್ಲ ಅಂತ ನಾ ಆಣಿ ಮಾಡಿ ಹೇಳ್ತೇನಿ, ಅದನ್ನ ನಂಬಿ ತೆಗೀತಾರ. ಇವತ್ತ ಆ ಆಣಿ ಸುಳ್ಳಾತು."

ಗನಿಗೆ ಏನು ಬರುತ್ತಿದೆ ಎಂದು ತಿಳಿಯಿತು.

"ನಾಳೆ ಬಡಗ್ಯಾನ ಕರೆಸಿ ಹೊಸ ಬಾಗಿಲಾ ಹಚ್ಚಸ್ತೇನಿ. ಚಿಲಕ ಹ್ಯಾಂಗ ಜಾರ್ತದ ಅಂತ ನಿಮಗ ಗೊತ್ತಿರಬಾರದು. ಇನ್ನ ಮ್ಯಾಲ ಈ ಕೋಲ್ಯಾಗ ನೀವು ಬರಬ್ಯಾಡ್ರಿ."

ಗನಿ ತಾನಿಟ್ಟ ಕಲ್ಲುಗಳನ್ನು ಒಮ್ಮೆ ನೋಡಿದ. ಯಾರೋ ಕಸಿದುಕೊಳ್ಳುತ್ತಾರೆ ಎಂದು ಇಷ್ಟು ದಿನ ಕಾವಲು ಕಾದಿದ್ದ.

"ಖರೇ ಅದ ಬೇಟಿ," ಎಂದ. ಹೊರಗೆ ಬಂದು ಬಾಗಿಲನ್ನು ತಾನೇ ಎಳೆದು ಮುಚ್ಚಿದ. ಮರುದಿನ ಬೆಳಿಗ್ಗೆ ಗುದ್ದಲಿ ತೆಗೆದುಕೊಂಡು ಹಿತ್ತಲಿಗೆ ಹೋಗಿ ಗುಂಡಿ ಮುಚ್ಚತೊಡಗಿದಾಗ, ಹಿಂದುಗಡೆ ಬಡಗಿ ಹಳೆಯ ಬಾಗಿಲಿನ ಮೊಳೆ ಕೀಳುವುದು ಕೇಳಿಸುತ್ತಿತ್ತು. ಗನಿ ತಿರುಗಿ ನೋಡಲಿಲ್ಲ.